ಮುಧೋಳದ ಭೀಮ, ಬಾಲಾನಗರದ ಸಾಸಿವೆ

ಹೈದರಾಬಾದಿನ ಬಾಲಾನಗರದಲ್ಲಿ ಯಾರಿಗೂ ಸೇರದ ಜಾಗ ಅಂತ ಒಂದು ಅಡಿಯೂ ಇಲ್ಲ. ಇದನ್ನು ನನಗೆ ತಿಳಿಸಿಕೊಟ್ಟವರು ರಿಯಲ್ ಎಸ್ಟೇಟಿನವರಲ್ಲ, ನಾಯಿಗಳು. "ಎರಡು ನಾಯಿಗಳನ್ನ ಮೊದಲನೇ ಸಲ ಮನೆಯೊಳಗೆ ಭೇಟಿ ಮಾಡಿಸಬೇಡಿ, ಇಬ್ಬರದೂ ಅಲ್ಲದ ಜಾಗದಲ್ಲಿ ಮಾಡಿಸಿ" ಅಂದರು ಪಶುವೈದ್ಯರು. ಹುಡುಕಿಕೊಂಡು ಹೊರಟೆ. 2021ರಲ್ಲಿ ತೆರೆದ ಫ್ಲೈಓವರಿನ ಕೆಳಗೆ ಕಂಬಕ್ಕೊಬ್ಬ ಪಾಳೆಯಗಾರ. ನರ್ಸಾಪುರ ಚೌರಸ್ತಾದ ಚಹಾದಂಗಡಿ ಒಂದು ಕುಂಟ ಕಂದು ನಾಯಿಯ ಸುಪರ್ದಿಯಲ್ಲಿದೆ. ಲೇತ್ ಶೆಡ್ಡುಗಳ ಗಲ್ಲಿಯಲ್ಲಿ ಕಬ್ಬಿಣದ ಚೂರಿನ ಗುಡ್ಡೆಗೂ ಒಡೆಯರಿದ್ದಾರೆ. ಶೆಡ್ಡಿನವರು ಅಲ್ಲಿ ಬರೀ ಬಾಡಿಗೆದಾರರು. ಕಾಲೆತ್ತಿ ರಿಜಿಸ್ಟರ್ ಮಾಡಿಸಿಕೊಂಡವರು ಬೇರೆ.

ಭೇಟಿಯಾಗಬೇಕಿದ್ದ ಗಣ್ಯರ ಪರಿಚಯ ಹೇಳಿಬಿಡುತ್ತೇನೆ. ನಾನು ತುಮಕೂರಿನವನು. 1968ರಿಂದ ಇಲ್ಲಿರುವ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಟೂಲ್ ಡಿಸೈನ್‌ಗೆ ಓದಲು ಬಂದು, ಓದು ಮುಗಿದರೂ ವಾಪಸು ಹೋಗದೆ ಉಳಿದವರ ಪೈಕಿ. ಹೆಂಡತಿ ಮುಧೋಳದವಳು. ಭೀಮನೂ ಮುಧೋಳದವನೇ. ಮಗಳು ಪರಸ್ಥಳದಲ್ಲಿ ಒಬ್ಬಳೇ ಇರುತ್ತಾಳೆ ಅಂತ (ನಾನಿದ್ದೇನೆ ಎಂಬುದು ಲೆಕ್ಕಕ್ಕಿಲ್ಲ) ಮಾವನವರು ಕಾವಲಿಗೆ ಕಳಿಸಿಕೊಟ್ಟ ಬೇಟೆನಾಯಿ ಅವನು. ಎಪ್ಪತ್ತು ಸೆಂಟಿಮೀಟರ್ ಎತ್ತರ, ಎಣಿಸಬಹುದಾದ ಪಕ್ಕೆಲುಬು, ಪಿಂಚಣಿ ಬಾಕಿಯಿರುವ ಮುಖ. ಅಪಾರ್ಟ್‌ಮೆಂಟಿನವರು "ಪಾಪ, ಊಟ ಹಾಕಲ್ವಾ?" ಅಂತ ಕೇಳಿದಾಗಲೆಲ್ಲ ಹೆಂಡತಿ ಅವನ ವಂಶಾವಳಿ ಬಿಚ್ಚುತ್ತಾಳೆ: 2005ರಲ್ಲಿ ಅಂಚೆ ಇಲಾಖೆ ಇವನ ಜಾತಿಯ ಹೆಸರಲ್ಲಿ ಸ್ಟಾಂಪು ತಂದಿದೆ, ಮೀರತ್ತಿನ ಸೇನಾ ಕೇಂದ್ರ ತರಬೇತಿಗೆ ಕರೆಸಿಕೊಂಡಿದೆ, 2020ರ 'ಮನ್ ಕಿ ಬಾತ್'ನಲ್ಲಿ ಪ್ರಧಾನಿಯೇ ಹೆಸರು ಹೇಳಿದ್ದಾರೆ. ಇಷ್ಟೆಲ್ಲ ಕೇಳಿಸಿಕೊಂಡು ಅವರು, "ಆದರೂ ಸ್ವಲ್ಪ ಮೊಸರನ್ನ ಹಾಕಿ" ಅಂತಾರೆ.

ಇಂಥವನಿರುವ ಮನೆಗೆ ಮಗ ಒಂದು ಜ್ಯಾಕ್ ರಸೆಲ್ ಟೆರಿಯರ್ ಮರಿ ತಂದ. ಕೊಂಪಲ್ಲಿಯಲ್ಲಿ ಸ್ನೇಹಿತನ ಮನೆಯ ನಾಯಿ ಹಾಕಿದ ಮರಿ. ಬಿಳಿ ಮೈ, ಒಂದು ಕಣ್ಣಿನ ಸುತ್ತ ಕಂದು ಮಚ್ಚೆ, ಒಟ್ಟು ತೂಕ ಭೀಮನ ತಲೆಯಷ್ಟೂ ಇಲ್ಲ. ಹೆಂಡತಿ ಅಂಗೈ ಮೇಲಿಟ್ಟು ನೋಡಿ "ಸಾಸಿವೆ" ಅಂತ ಕರೆದಳು. ಮೇಲಿನ ಮನೆಯ ತೆಲುಗು ಆಂಟಿಯ ಬಾಯಲ್ಲಿ ಅದು ಸಂಜೆಯೊಳಗೆ "ಸ್ಯಾಸಿ" ಆಯಿತು, ಸ್ವಭಾವಕ್ಕೆ ಹೊಂದಿತು ಕೂಡ. ವಿಡಿಯೊ ಕಾಲ್‌ನಲ್ಲಿ ಮಾವನವರಿಗೆ ತೋರಿಸಿದೆವು. ಕನ್ನಡಕ ಹಾಕಿಕೊಂಡರು, ತೆಗೆದರು, ಮತ್ತೆ ಹಾಕಿಕೊಂಡರು. "ಅಳಿಯಂದ್ರ, ಇದು ನಾಯಿ ಐತೋ ಇಲಿ ಐತೋ?"

"ಇಲಿ ಹಿಡಿಯೋ ನಾಯಿ, ಅಜ್ಜಾ" ಅಂದ ಮಗ. ಅದು ನಿಜ. ಬಿಲದೊಳಗೆ ತಲೆತೂರಿಸಿ ಇಲಿಯನ್ನೋ ನರಿಯನ್ನೋ ಹೊರಗಟ್ಟುವುದು ಟೆರಿಯರುಗಳ ಕುಲಕಸುಬು. ಇಂಗ್ಲೆಂಡಿನ ಡೆವನ್ ಸೀಮೆಯ ಬೇಟೆಹುಚ್ಚಿನ ಪಾದ್ರಿ ಜಾನ್ ರಸೆಲ್ 1819ರಲ್ಲಿ, ಇನ್ನೂ ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದಾಗ, ಹಾಲು ಮಾರುವವನಿಂದ ಟ್ರಂಪ್ ಎಂಬ ಹೆಣ್ಣುನಾಯಿ ಕೊಂಡನಂತೆ. ಈ ತಳಿಯವರೆಲ್ಲ ತಮ್ಮ ಮೂಲವನ್ನು ಅಲ್ಲಿಗೆ ಒಯ್ದು ನಿಲ್ಲಿಸುತ್ತಾರೆ. ದೇವರ ಸೇವೆಗಿಂತ ಬೇಟೆಯೇ ಹೆಚ್ಚಾದ ಪಾದ್ರಿ ಸಾಕಿದ ನಾಯಿಯಲ್ಲಿ ವಿನಯ ಹುಡುಕಬಾರದು. ಅಮೆರಿಕದ ಬಾರ್ ಹಾರ್ಬರಿನಲ್ಲಿ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು ಐದು ತಳಿಯ ಮರಿಗಳನ್ನು ವರ್ಷಗಟ್ಟಲೆ ಸಾಕಿ ನೋಡಿ 1965ರಲ್ಲಿ ಪುಸ್ತಕ ಬರೆದರು. ಉಳಿದ ತಳಿಗಳು ಒಟ್ಟಿಗೆ ಬೆಳೆದರೆ, ಟೆರಿಯರ್ ಮರಿಗಳು ಮಾತ್ರ ಗುಂಪುಗಟ್ಟಿ ಒಡಹುಟ್ಟಿದವರ ಮೇಲೇ ಬಿದ್ದು, ಬೇರೆ ಬೇರೆ ಇಡಬೇಕಾಯಿತಂತೆ. ಮಗ ಇದನ್ನು ಮರಿ ಮನೆಗೆ ಬಂದ ಮೇಲೆ ಓದಿ ಹೇಳಿದ.

ವೈದ್ಯರಿಗಿದ್ದ ಚಿಂತೆಯೇ ಬೇರೆ. ಭೀಮ ಕಣ್ಣಿನಿಂದ ಬೇಟೆಯಾಡುವ ಜಾತಿ, ಓಡುವುದೆಲ್ಲ ಅವನಿಗೆ ಮೊಲ. ಸಾಸಿವೆಗೆ ಓಡುವುದೊಂದೇ ಕೆಲಸ. ಆದ್ದರಿಂದ ಇಬ್ಬರಿಗೂ ಹಗ್ಗ ಇರಬೇಕು, ಊಟ ಬೇರೆ ಕೋಣೆಯಲ್ಲಿ ಆಗಬೇಕು, ಯಾರೂ ನೋಡದಿರುವಾಗ ಇಬ್ಬರನ್ನೇ ಬಿಡಬಾರದು. ಜೊತೆಗೆ ಇನ್ನೊಂದು ಮಾತು ಸೇರಿಸಿದರು: ಲಸಿಕೆಗಳೆಲ್ಲ ಮುಗಿಯುವವರೆಗೆ ಮರಿಯ ಕಾಲು ಬೀದಿನೆಲಕ್ಕೆ ತಾಗಬಾರದು, ಪಾರ್ವೊ ಎಂಬ ಸೋಂಕು ತಗುಲುತ್ತದೆ. ಅಂದರೆ ಭೇಟಿ ಹೊರಗೇ ಆಗಬೇಕು, ಆದರೆ ಭೇಟಿಯಾಗುವವಳು ಹೊರಗೆ ಕಾಲಿಡಬಾರದು. ಲಗ್ನಪತ್ರಿಕೆಯಲ್ಲೂ ಇಷ್ಟು ತೊಡಕಿನ ಮುಹೂರ್ತ ನಾನು ನೋಡಿಲ್ಲ.

ಮಗ ಸ್ಕೂಲ್ ಬ್ಯಾಗ್ ಖಾಲಿ ಮಾಡಿ ಅವಳನ್ನು ಅದರಲ್ಲಿ ಕೂರಿಸಿಕೊಂಡ. ಬೆಳಗಿನ ಜಾವ ಐಡಿಪಿಎಲ್ ಕಾಲೊನಿಯ ಕಡೆ ಹೋದೆವು, ಮರದ ನೆರಳಿರುವ ಅಗಲ ರಸ್ತೆ. ರಸ್ತೆಯ ಈ ಬದಿ ನಾನು ಮತ್ತು ಭೀಮ, ಆ ಬದಿ ಮಗ ಮತ್ತು ಬ್ಯಾಗ್. ಮುಖಾಮುಖಿ ನಿಲ್ಲಿಸದೆ ಒಂದೇ ದಿಕ್ಕಿಗೆ ನಡೆಸಿಕೊಂಡು ಹೋಗಿ, ನಡುವಿನ ಅಂತರವನ್ನು ಸ್ವಲ್ಪಸ್ವಲ್ಪವೇ ಕಡಿಮೆ ಮಾಡುವುದು ಪದ್ಧತಿ. ಭೀಮನ ತಲೆ ಕತ್ತಿಗಿಂತ ಸಣ್ಣದಾದ್ದರಿಂದ ಸಾದಾ ಬೆಲ್ಟು ಜಾರುತ್ತದೆ, ಎದೆಗೆ ಹಾರ್ನೆಸ್ ಬಿಗಿದಿದ್ದೆ. ಅವನು ಶಿಸ್ತಾಗಿ ನಡೆದ. ಬ್ಯಾಗು ಇಡೀ ರಸ್ತೆ ಬೊಗಳಿತು. ಸೋವಿಯತ್ ನೆರವಿನಿಂದ ಎದ್ದ ಐಡಿಪಿಎಲ್ ಔಷಧ ಕಾರ್ಖಾನೆಯ ಬೀದಿ ಅದು. 1957ರಲ್ಲಿ ಅದೇ ಸೋವಿಯತ್ತಿನವರು ಬಾಹ್ಯಾಕಾಶಕ್ಕೆ ಕಳಿಸಿದ ಲೈಕಾಳಲ್ಲೂ ಟೆರಿಯರ್ ರಕ್ತ ಇದ್ದಿರಬೇಕು ಅನ್ನುತ್ತಾರೆ. ವಾಕಿಂಗ್ ಬಂದ ಹಿರಿಯರೊಬ್ಬರಿಗೆ ನಾನಿದನ್ನು ಹೇಳಿದೆ. ಅವರು ಬ್ಯಾಗನ್ನೇ ನೋಡುತ್ತ, "ಇದನ್ನೂ ಕಳಿಸಬಹುದಿತ್ತು" ಅಂದರು.

ನೆಲದ ಮೇಲಿನ ಭೇಟಿ ಕೊನೆಗೆ ನಡೆದದ್ದು ನಮ್ಮ ತಾರಸಿಯಲ್ಲಿ. ಬೀದಿನಾಯಿ ಬಾರದ, ಮೆಟ್ಟಿಲೆಂದರೆ ಆಗದ ಭೀಮನೂ ತನ್ನದೆಂದುಕೊಳ್ಳದ ಜಾಗ ಅದೊಂದೇ. ಒಂದು ಮೂಲೆಯಲ್ಲಿ ಆಂಟಿಯ ವಡಿಯಾಲು, ಅಂದರೆ ಸಂಡಿಗೆ, ಹಳೇ ಸೀರೆಯ ಮೇಲೆ ಒಣಗುತ್ತಿದ್ದವು. ಭೀಮ ಮರಿಯ ಕಡೆ ಒಮ್ಮೆ ನೋಡಿ, ಮುಖ ತಿರುಗಿಸಿ, ಮೂಗು ನೆಕ್ಕಿಕೊಂಡು, ದೊಡ್ಡದಾಗಿ ಆಕಳಿಸಿದ. ನಿದ್ದೆಯಲ್ಲ ಅದು, "ನನಗೆ ಜಗಳ ಬೇಡ" ಅನ್ನುವ ನಾಯಿಭಾಷೆ. ಸಾಸಿವೆ ಮುಂಗಾಲು ಚಾಚಿ, ಹಿಂಬದಿ ಎತ್ತಿ ಆಟಕ್ಕೆ ಕರೆದಳು. ಅವನು ಮೆಟ್ರೊ ಕಂಬಗಳ ಕಡೆ ದೃಷ್ಟಿ ನೆಟ್ಟ. ಅವಳು ಹಾರಿ ಅವನ ಕಿವಿಗೆ ನೇತುಬಿದ್ದಳು. ಗುರ್ ಅಂದ. ಅವಳು ಬಿಟ್ಟು, ನಾಲ್ಕು ಹೆಜ್ಜೆ ಹಿಂದೆ ಸರಿದು, ಹೋಗಿ ಒಂದು ವಡಿಯಂ ತಿಂದು, ಬಂದು ಇನ್ನೊಂದು ಕಿವಿ ಹಿಡಿದಳು.

"ಪರವಾಲೇದಂಡಿ, ಚಿನ್ನ ಪಿಲ್ಲ ಕದಾ" ಅಂದರು ಆಂಟಿ, ಪರವಾಗಿಲ್ಲ, ಚಿಕ್ಕ ಮಗು ತಾನೇ ಅಂತ. ಭೀಮನ ಅಭಿಪ್ರಾಯವೂ ಅದೇ ಇದ್ದಂತಿತ್ತು. ನಾಲ್ಕು ತಿಂಗಳ ಹೊತ್ತಿನವರೆಗೆ ಮರಿಗಳ ಅಧಿಕಪ್ರಸಂಗವನ್ನು ದೊಡ್ಡ ನಾಯಿಗಳು ಸಾಮಾನ್ಯವಾಗಿ ಮಾಫಿ ಮಾಡುತ್ತವೆ.

ಅವನು ಗುರ್ ಅಂದಾಗ ಮಗ "ಭೀಮಾ, ನೋ!" ಅಂತ ಗದರಿದ್ದ. ಆಮೇಲೆ ಇದನ್ನು ಕೇಳಿದ ವೈದ್ಯರು ಅದು ತಪ್ಪು ಅಂದರು: ಗುರುಗುಟ್ಟಿದ್ದಕ್ಕೆ ಬೈಯಬೇಡಿ. ಬಾಲಾನಗರದಲ್ಲಿ ಇಷ್ಟು ವರ್ಷ ಕೆಲಸ ಮಾಡಿದ ನನಗೆ ಅದು ತಕ್ಷಣ ಅರ್ಥವಾಯಿತು. ಗುರ್ ಅನ್ನುವುದು ಮುಷ್ಕರದ ನೋಟಿಸು. ನೋಟಿಸು ಕೊಟ್ಟವನನ್ನೇ ಸಸ್ಪೆಂಡ್ ಮಾಡಿದರೆ ಮುಂದಿನ ಸಲ ನೋಟಿಸಿಲ್ಲದೆ ಗೇಟು ಮುಚ್ಚುತ್ತಾರೆ. ಗುರ್ ಅಂದಾಗ ಮರಿಯನ್ನು ಎತ್ತಿಕೊಂಡು ಬರಬೇಕು, ಅಷ್ಟೆ.

ಹೀಗೆ ಶಾಸ್ತ್ರೋಕ್ತವಾಗಿ ಎಲ್ಲ ನಡೆಯಿತು. ಅವಳ ಬಟ್ಟೆ ಇವನ ಹಾಸಿಗೆಗೆ, ಇವನ ಬಟ್ಟೆ ಅವಳ ಬುಟ್ಟಿಗೆ ಹಾಕಿ ವಾಸನೆ ಅದಲುಬದಲು ಮಾಡಿದೆವು. ಅಡುಗೆಮನೆ ಬಾಗಿಲಿಗೆ ಮಗು ತಡೆಯುವ ಗೇಟು ಹಾಕಿದೆವು. ರಕ್ತಪಾತ ಆಗಲಿಲ್ಲ. ಆದದ್ದು ಭೂಸ್ವಾಧೀನ. ಮೊದಲು ಭೀಮನ ಚಾಪೆ ಹೋಯಿತು, ಆಮೇಲೆ ಬಾಲ್ಕನಿಯ ಬಿಸಿಲು, ಆಮೇಲೆ ಸೋಫಾ. ಅವನು ಪ್ರತಿ ಸಲವೂ ಎದ್ದು ಪಕ್ಕಕ್ಕೆ ಹೋದ, ಪರಿಹಾರ ಕೇಳಲಿಲ್ಲ.

ಇದರಲ್ಲಿ ನಾಯಿಯ ತಪ್ಪೇನೂ ಇಲ್ಲ, ಸಾಕಿದವರ ಗಾಳಿ ಸೋಕಿದೆ. ಹೈದರಾಬಾದಿನ ಕನ್ನಡಿಗರಷ್ಟು ಹೊಂದಿಕೊಂಡು ಹೋಗುವವರು ಸಿಗಲಾರರು. ನಮ್ಮ ಗಲ್ಲಿಯ ಹಾರ್ಡ್‌ವೇರ್ ಅಂಗಡಿಯವರ ಹತ್ತಿರ ನಾನು ವರ್ಷಗಟ್ಟಲೆ ತೆಲುಗಿನಲ್ಲಿ ಚೌಕಾಸಿ ಮಾಡಿದ್ದೆ, ಅವರೂ ತೆಲುಗಿನಲ್ಲೇ ಬಗ್ಗದೆ ನಿಂತಿದ್ದರು. ಒಂದು ನವೆಂಬರಿನಲ್ಲಿ ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರಕ್ಕೆ ಹೋದರೆ, ಮುಂದಿನ ಸಾಲಿನಲ್ಲಿ ಕೂತು ನಾಡಗೀತೆಗೆ ದನಿಗೂಡಿಸುತ್ತಿದ್ದಾರೆ! "ನೀವು ರಾಯಚೂರಿನವರಾ?" ಅಂತ ತಬ್ಬಿಕೊಂಡೆವು. ಮರುದಿನ ಅಂಗಡಿಯಲ್ಲಿ ಮತ್ತೆ ತೆಲುಗು, ರೇಟೂ ಅದೇ. ಟೆರಿಯರ್‌ಗೆ ಈ ಸಂಕಟವೇ ಇಲ್ಲ. ಎಲ್ಲಿಗೆ ಹೋದರೂ ಅದು ತವರುಮನೆ.

ಭೀಮ ಅವಳನ್ನು ತಡೆದದ್ದು ಒಂದೇ ಸಲ, ಜೋಳದ ರೊಟ್ಟಿಯ ವಿಷಯದಲ್ಲಿ. ಗೇಟು ಸರಿಯಾಗಿ ಬಿದ್ದಿರಲಿಲ್ಲ. ಸಾಸಿವೆ ಅವನ ತಟ್ಟೆಗೆ ಬಾಯಿ ಹಾಕಿದಳು. ಅವನು ಹಲ್ಲು ತೋರಿಸಿ, ಅವಳ ಮೂತಿಯ ಪಕ್ಕದ ಗಾಳಿಯನ್ನು ಕಟ್ ಅಂತ ಕಚ್ಚಿದ. ಮೈಗೆ ತಾಗಲಿಲ್ಲ. ಅವಳು ಕೂತುಬಿಟ್ಟಳು, ಅವನು ತಿಂದು ಮುಗಿಸುವವರೆಗೆ ಕೂತೇ ಇದ್ದಳು. "ಚಾಪಿ ಬಿಟ್ಟಾನು, ರೊಟ್ಟಿ ಬಿಡಾಂಗಿಲ್ಲ. ಮುಧೋಳದಾಂವ" ಅಂತ ಹೆಂಡತಿ ಹೆಮ್ಮೆಪಟ್ಟಳು.

ಇಷ್ಟು ಸಾಲದು ಅನ್ನಿಸಿದ್ದು ಮಾವನವರಿಗೆ. "ಆ ಇಲಿ ನಮ್ಮ ಭೀಮನ ಮ್ಯಾಲ ದರ್ಬಾರ ಮಾಡಾಕ ಹತ್ತೇತಿ, ನೀವ ನಕ್ಕೋಂತ ಕುಂತೀರಿ? ನಾನ ಬರ್ತೀನಿ ತಡೀರಿ" ಅಂತ ಬಸ್ಸು ಹತ್ತಿಯೇಬಿಟ್ಟರು. ಬೆಳಿಗ್ಗೆ ಬಂದವರು ಚೀಲ ಇಳಿಸಿ, ರುಮಾಲು ತೆಗೆದು, ಸೋಫಾದ ಮೇಲೆ ನಡುಮಧ್ಯ ಮಲಗಿದ್ದವಳ ಎದುರು ನಿಂತರು. "ಏಳs" ಅಂದರು. ಅವಳು ಒಂದು ಕಣ್ಣು ತೆರೆದಳು, ಕಂದು ಮಚ್ಚೆಯದು. "ಏಳ ಅಂದ್ನೆಲಾ!" ಅವಳು ಮಗ್ಗುಲು ಬದಲಿಸಿ, ಇನ್ನಷ್ಟು ಉದ್ದಕ್ಕೆ ಚಾಚಿಕೊಂಡಳು. ಮಾವನವರು ನಮ್ಮನ್ನು ನೋಡಿದರು. ನಾವು ಗೋಡೆ ಗಡಿಯಾರ ನೋಡಿದೆವು. ಕೆಳಗೆ ಭೀಮ ಮೆಲ್ಲಗೆ ಒಂದಿಷ್ಟು ಸರಿದು ಜಾಗ ಮಾಡಿಕೊಟ್ಟ.

ನಾನು ಚಹಾ ತರುವ ಹೊತ್ತಿಗೆ ಮಾವನವರು ನೆಲದ ಮೇಲೆ ಭೀಮನಿಗೆ ಒರಗಿಕೊಂಡು ಫೋನಿನಲ್ಲಿ ಅತ್ತೆಯವರಿಗೆ ಹೇಳುತ್ತಿದ್ದರು: "ಹೂಂ, ಮುಟ್ಟೀನಿ. ಸೋಫಾ ಐತಿ, ನಾನs ಒಲ್ಲೆ ಅಂದೆ. ಬೆನ್ನಿಗೆ ಕೆಳಗs ಚಲೋ."