ಸರದಿ ಕಾಕಾ

ಚಲನಚಿತ್ರವನ್ನು ನೋಡುವುದಕ್ಕೆ ಎರಡು ಕಣ್ಣು, ಒಂದಿಷ್ಟು ಬಿಡುವು, ಬೊಗಸೆ ಚುರಮರಿ ಇವಿಷ್ಟಿದ್ದರೆ ಸಾಕೆಂದು ನಂಬಿದ ಸರಳಜೀವಿಗಳು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ನಾಲ್ಕು ಊರುಗಳಲ್ಲಿ ಇನ್ನೂ ಬಹುಸಂಖ್ಯೆಯಲ್ಲಿ ಇರುವರಾದರೂ, ಅವರ ಈ ನಿಶ್ಚಿಂತೆಯನ್ನು ಕಂಡು ಸಹಿಸಲಾರದೆ, ಭಾಗಭಾಗವಾಗಿ ಬರುವ ಚಿತ್ರಗಳಲ್ಲಿ ಯಾವುದನ್ನು ಮೊದಲು ನೋಡತಕ್ಕದ್ದು, ಯಾವುದನ್ನು ಅನಂತರ ನೋಡತಕ್ಕದ್ದು, ಯಾವುದನ್ನು ತಪ್ಪಿ ಮೊದಲೇ ನೋಡಿಬಿಟ್ಟರೆ ಮಿಕ್ಕವೆಲ್ಲವೂ ನಿಷ್ಫಲವಾಗುವುವು ಎಂಬ ಶಾಸ್ತ್ರವನ್ನು ಲೋಕಕ್ಕೆ ಬೋಧಿಸುವುದಕ್ಕಾಗಿಯೇ ಜನ್ಮವೆತ್ತಿದ ಮಹನೀಯರೊಬ್ಬರು ಆ ಒಂದೊಂದು ಊರಿನಲ್ಲಿಯೂ ತಪ್ಪದೆ ದೊರೆಯುತ್ತಾರೆ. ತಂದೆತಾಯಿಗಳು ಇಟ್ಟ ಹೆಸರು ಬೇರೆಬೇರೆಯಾದರೂ ಊರಿನ ಹುಡುಗರು ಅವರನ್ನು ಕರೆಯುವುದು ಸರದಿ ಕಾಕಾ ಎಂದೇ.

ಇಂಡಿಯಲ್ಲಿ ಅವರನ್ನು ಕಾಣಬೇಕಾದರೆ ಲಿಂಬೆಹಣ್ಣಿನ ಲಿಲಾವು ಮುಗಿದ ಮೇಲೆ ಅಡತಿ ಅಂಗಡಿಯ ಕಟ್ಟೆಗೆ ಹೋಗಬೇಕು. ಸಿಂದಗಿಯಲ್ಲಾದರೆ ಬಸ್ ನಿಲ್ದಾಣದ ಬಳಿಯ ಚಹಾದಂಗಡಿಗೆ. ವಯಸ್ಸು ಅರುವತ್ತರ ಆಚೆ, ಕಿಸೆಯಲ್ಲಿ ಪೆನ್ನು, ಕೈಯಲ್ಲಿ ಹಳೆಯದೊಂದು ಲಗ್ನಪತ್ರಿಕೆ. ಅದರ ಬೆನ್ನಿನ ಮೇಲೆ ಪಟ್ಟಿ ಬರೆದುಕೊಡುವುದು ಅವರ ರೂಢಿ. ಚಿತ್ರವು ಚೆನ್ನಾಗಿದೆಯೇ ಎಂದು ಯಾರಾದರೂ ಕೇಳಿದರೆ ಕಾಕಾ ಅವರು ಒಂದು ಕ್ಷಣ ತಬ್ಬಿಬ್ಬಾಗುತ್ತಾರೆ. ಏಕೆಂದರೆ ಆ ಪ್ರಶ್ನೆಯನ್ನು ಅವರು ತಮಗೆ ತಾವೇ ಎಂದೂ ಹಾಕಿಕೊಂಡವರಲ್ಲ. ಅದು ಎಷ್ಟನೆಯದೆಂದು ಕೇಳಿದಿರೋ, ಚಹಾ ಆರಿಹೋದರೂ ಉತ್ತರವು ಮುಗಿಯುವುದಿಲ್ಲ.

ಈ ವಿದ್ಯೆಯ ಮೂಲವನ್ನು ಅರಸುತ್ತ ಹೋದರೆ ನಾವು ಟೂರಿಂಗ್ ಟಾಕೀಸಿನ ಡೇರೆಯನ್ನು ತಲುಪುತ್ತೇವೆ. ದೊರೈ-ಭಗವಾನ್ ಜೋಡಿಯ ನಿರ್ದೇಶನದಲ್ಲಿ ರಾಜಕುಮಾರರು ಗೂಢಚಾರ ಪ್ರಕಾಶನಾಗಿ ಅಭಿನಯಿಸಿದ ‘ಜೇಡರ ಬಲೆ’ 1968ರಲ್ಲಿ ಬಂದಿತು. ಅದೇ ವರ್ಷದಲ್ಲಿ ‘ಗೋವಾದಲ್ಲಿ ಸಿ.ಐ.ಡಿ. 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’, ದೀರ್ಘಕಾಲದ ಮೌನದ ತರುವಾಯ 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’. ರಾಜಧಾನಿಯ ಪ್ರೇಕ್ಷಕರಿಗೆ ಇವು ಹುಟ್ಟಿದ ಕ್ರಮದಲ್ಲಿಯೇ ದರ್ಶನವನ್ನಿತ್ತಿರಬಹುದು. ಹಳ್ಳಿಯ ಡೇರೆಗೆ ಬರುವ ಪ್ರಿಂಟಿಗೆ ಮಾತ್ರ ಹುಟ್ಟಿದ ದಿನದ ನೆನಪು ಇರುತ್ತಿರಲಿಲ್ಲ. ಆದಕಾರಣ ಬಾಲಕ ಕಾಕಾ ಅವರು ಕಡೆಯ ಚಿತ್ರವನ್ನು ಬಣ್ಣದಲ್ಲಿ ಮೊದಲು ನೋಡಿ, ಅನಂತರ ಹಿಂದಿನವುಗಳನ್ನು ಕಪ್ಪು-ಬಿಳುಪಿನಲ್ಲಿ ನೋಡಬೇಕಾಗಿ ಬಂದು, ಸಾಹಸದಿಂದ ಸಾಹಸಕ್ಕೆ ನಾಯಕನ ವಯಸ್ಸು ಇಳಿಯುತ್ತಿರುವುದನ್ನೂ, ಪದ್ಮಪ್ರಿಯಾ ಇದ್ದಲ್ಲಿ ರೇಖಾ, ರೇಖಾ ಇದ್ದಲ್ಲಿ ಲಕ್ಷ್ಮಿ, ಲಕ್ಷ್ಮಿ ಇದ್ದಲ್ಲಿ ಜಯಂತಿ ಕಾಣಿಸಿಕೊಂಡು ಇವರಲ್ಲಿ ಒಬ್ಬರೂ ಇನ್ನೊಬ್ಬರ ಸುದ್ದಿಯನ್ನೆತ್ತದಿರುವುದನ್ನೂ ಕಂಡು ತೀವ್ರವಾದ ವ್ಯಥೆಗೆ ಒಳಗಾದರು. ಇದು ಸಾಲದೆಂಬಂತೆ, ಒಂದು ರಾತ್ರಿ ನಿದ್ದೆಗಣ್ಣಿನ ಆಪರೇಟರನು ರೀಲುಗಳನ್ನೇ ಅದಲುಬದಲಾಗಿ ಏರಿಸಿಬಿಟ್ಟದ್ದರಿಂದ, ಕೋಳ ತೊಡಿಸಿಕೊಂಡು ಹೋದ ಖಳನು ಮರುಗಳಿಗೆಯಲ್ಲಿ ನಿರಾತಂಕವಾಗಿ ಸಿಗರೇಟು ಸೇದುತ್ತ ಕುಳಿತಿದ್ದನು. ಡೇರೆಯಲ್ಲಿ ನೆರೆದ ಜನ ಎರಡು ಸಂದರ್ಭಕ್ಕೂ ಸಮನಾಗಿ ಶಿಳ್ಳೆ ಹೊಡೆದರು. ಆ ಶಿಳ್ಳೆಯೇ ಕಾಕಾ ಅವರನ್ನು ಪ್ರತಿಜ್ಞಾಬದ್ಧರನ್ನಾಗಿ ಮಾಡಿತು.

ಈಗ ಅವರ ಸಿದ್ಧಾಂತವು ಪಕ್ವವಾಗಿದೆ. ಮತಗಳು ಮುಖ್ಯವಾಗಿ ಎರಡು: ಬಿಡುಗಡೆಯಾದ ಕ್ರಮದಲ್ಲಿ ನೋಡತಕ್ಕದ್ದೆಂಬುದು ಒಂದು, ಕಥೆಯೊಳಗಿನ ಕಾಲದ ಕ್ರಮದಲ್ಲಿ ನೋಡತಕ್ಕದ್ದೆಂಬುದು ಮತ್ತೊಂದು. ಇಂಡಿಯ ಕಾಕಾ ಮೊದಲನೆಯ ಮತದವರು, ಸಿಂದಗಿಯ ಕಾಕಾ ಎರಡನೆಯದರವರು. ಇಬ್ಬರೂ ಪರದೇಶದ ಪ್ರಮಾಣಗಳನ್ನು ಧಾರಾಳವಾಗಿ ಉದಾಹರಿಸುತ್ತಾರೆ. 1977ರಲ್ಲಿ ಬಂದ ‘ಸ್ಟಾರ್ ವಾರ್ಸ್’ ಆ ಸರಣಿಯ ನಾಲ್ಕನೆಯ ಅಧ್ಯಾಯವೆಂದೂ ಅದರ ಒಂದನೆಯ ಅಧ್ಯಾಯವು 1999ರವರೆಗೆ ಬರಲೇ ಇಲ್ಲವೆಂದೂ ಒಬ್ಬರು ಹೇಳಿದರೆ, ಜೇಮ್ಸ್ ಬಾಂಡನ ಮೊದಲ ಕಾದಂಬರಿ ‘ಕ್ಯಾಸಿನೊ ರೊಯಾಲ್’ 1953ರಲ್ಲಿಯೇ ಅಚ್ಚಾಗಿದ್ದರೂ, 1962ರಲ್ಲಿ ‘ಡಾಕ್ಟರ್ ನೋ’ದಿಂದ ತೊಡಗಿದ ಚಿತ್ರಮಾಲೆಗೆ ಅದು ಸೇರಿದ್ದು 2006ರಲ್ಲಿ ಎಂದು ಇನ್ನೊಬ್ಬರು ಮರುಮಾತು ಕೊಡುತ್ತಾರೆ. ಈ ಚಿತ್ರಗಳನ್ನು ಅವರಲ್ಲಿ ಯಾರಾದರೂ ನೋಡಿರುವರೇ ಎಂಬುದು ಬೇರೆಯ ವಿಷಯ. ಕ್ರಮವನ್ನು ಬಲ್ಲವರಿಗೆ ಚಿತ್ರದ ಹಂಗೇಕೆ?

ಮುದ್ದೇಬಿಹಾಳದ ಕಾಕಾ ಅವರದು ಇವೆರಡಕ್ಕಿಂತಲೂ ಕಠಿಣವಾದ ವ್ರತ. ಹೊಸ ಭಾಗವೊಂದು ಬಂದಾಗಲೆಲ್ಲ ಹಿಂದಿನ ಭಾಗಗಳನ್ನು ಆಮೂಲಾಗ್ರವಾಗಿ ಮತ್ತೆ ನೋಡಿದ ಹೊರತು ಚಿತ್ರಮಂದಿರದ ಮೆಟ್ಟಿಲನ್ನು ತುಳಿಯಕೂಡದೆಂಬುದು ಅವರ ನಿಯಮ. ‘ಕೆ.ಜಿ.ಎಫ್.’ನ ಎರಡನೆಯ ಅಧ್ಯಾಯವು 2022ರ ಏಪ್ರಿಲ್ 14ರಂದು ತೆರೆಕಂಡಾಗ ಅವರು 2018ರ ಮೊದಲನೆಯ ಅಧ್ಯಾಯವನ್ನು ಪಾರಾಯಣ ಮಾಡುತ್ತ ಕುಳಿತಿದ್ದರಿಂದ, ಅವರ ಮಾತನ್ನು ನಂಬಿದ ಏಳೆಂಟು ಮಂದಿ ಹುಡುಗರು ಊರೆಲ್ಲ ನೋಡಿ ಬಂದು ಕಥೆಯನ್ನು ಹೇಳಿ ಮುಗಿಸಿದ ಮೇಲೆ ಟಿಕೆಟಿಗೆ ಹೋದರು. ಕಾಕಾ ಅವರಿಗೆ ಆ ಚಿತ್ರದ ಮೇಲೆ ವಿಶೇಷವಾದ ಅಭಿಮಾನವೂ ಉಂಟು. ಮೊದಲ ಅಧ್ಯಾಯದಲ್ಲಿ ಕಥೆಯನ್ನು ಹೇಳುವ ಪತ್ರಕರ್ತನ ಹೆಸರು ಆನಂದ ಇಂಗಳಗಿ ಎಂದಿರುವುದರಿಂದ ಅವನು ನಿಸ್ಸಂಶಯವಾಗಿ ನಮ್ಮ ಕಡೆಯವನೆಂದೂ, ಎರಡನೆಯದರಲ್ಲಿ ಅವನ ಮಗನೇ ಕಥೆಯನ್ನು ಮುಂದುವರಿಸುವುದರಿಂದ ಅದು ಒಳ್ಳೆಯ ಮನೆತನವೆಂದೂ ಅವರ ಅಭಿಪ್ರಾಯ.

ಹೈಸ್ಕೂಲಿನ ಕನ್ನಡ ಪಂಡಿತರೊಬ್ಬರು ಒಮ್ಮೆ ಈ ಚರ್ಚೆಯಲ್ಲಿ ಸಿಕ್ಕಿಬಿದ್ದು, ಮಹಾಭಾರತವನ್ನು ವೈಶಂಪಾಯನನು ಹೇಳಿದ್ದು ಪಾಂಡವರ ಮರಿಮಗನಾದ ಜನಮೇಜಯನಿಗೆ, ಅಂದರೆ ಎಲ್ಲವೂ ಮುಗಿದ ಮೇಲೆ, ಎಂದು ಬಾಯಿತಪ್ಪಿ ಆಡಿಬಿಟ್ಟರು. “ಹಂಗಾದ್ರ ವ್ಯಾಸರೂ ನಮ್ಮ ಕಡೀನೇ ಬಿಡ್ರಿ,” ಎಂದು ಇಬ್ಬರು ಕಾಕಾಗಳೂ ಏಕಕಾಲದಲ್ಲಿ ಹಿಗ್ಗಿದರು. ಕುಮಾರವ್ಯಾಸನು ಹತ್ತು ಪರ್ವಗಳಿಗೆ ನಿಲ್ಲಿಸಿದನೆಂದೂ ಉಳಿದವನ್ನು ಕೃಷ್ಣದೇವರಾಯನ ಕಾಲದ ತಿಮ್ಮಣ್ಣಕವಿ ಪೂರೈಸಿದನೆಂದೂ ತಿಳಿದಾಗ, “ಎರಡನೇ ಭಾಗಕ್ಕ ಡೈರೆಕ್ಟರ್ ಬದಲಾದ್ರೇನು?” ಎಂದು ಕಾಕಾ ಅವರು ಮುಖವನ್ನು ಸಣ್ಣಗೆ ಮಾಡಿಕೊಂಡರು.

ಇಷ್ಟೆಲ್ಲ ಆಯಾಸವನ್ನು ಇವರು ಏತಕ್ಕಾಗಿ ಪಡುತ್ತಾರೆಂದು ನಾನು ಬಹಳ ಸಲ ಯೋಚಿಸಿದ್ದೇನೆ. ಪಟ್ಟಿಯನ್ನು ಕೊಟ್ಟು ಸುಮ್ಮನಾಗುವವರಲ್ಲ ಅವರು. ಪಟ್ಟಿಯಂತೆ ನೋಡುವ ಮನೆಗೆ ತಾವೂ ಹೋಗಿ, ಪರದೆಗೆ ಬೆನ್ನು ಮಾಡಿ, ನೋಡುವವರ ಮುಖವನ್ನೇ ನೋಡುತ್ತ ಕೂಡುತ್ತಾರೆ. ‘ಆಪ್ತಮಿತ್ರ’ದ ನಾಗವಲ್ಲಿಯನ್ನು ಮೊದಲ ಬಾರಿ ಕಂಡು ಹುಡುಗನೊಬ್ಬನು ತಾಯಿಯ ಸೆರಗನ್ನು ಹಿಡಿದುಕೊಂಡಾಗ ಅವರ ಮುಖವು ಅರಳುವುದನ್ನು ನೋಡಬೇಕು. ಒಂದು ಚಿತ್ರವನ್ನು ಮೊದಲ ಸಲ ನೋಡುವ ಭಾಗ್ಯವು ಮನುಷ್ಯನಿಗೆ ಒಂದೇ ಬಾರಿ ಲಭಿಸುವಂಥದು. ತಮ್ಮ ಪಾಲಿನದನ್ನು ಡೇರೆಯ ಆಪರೇಟರನು ಕೆಡಿಸಿಬಿಟ್ಟನಾಗಿ, ಕಾಕಾ ಅವರು ಅಂದಿನಿಂದ ಅನ್ಯರ ಪಾಲಿನದನ್ನು ಕಾಯುತ್ತ ಬಂದಿದ್ದಾರೆ. ಕಾಯುವವನು ಕ್ರಮೇಣ ತಾನೇ ಒಡೆಯನೆಂದು ತಿಳಿಯತೊಡಗುವುದು ಲೋಕಸ್ವಭಾವವಷ್ಟೆ.

ಈ ಒಡೆತನಕ್ಕೆ ಪೆಟ್ಟು ಬಿದ್ದದ್ದು ಬಸವನ ಬಾಗೇವಾಡಿಯಲ್ಲಿ. 2022ರಲ್ಲಿ ‘ಕಾಂತಾರ’ ಬಂದು, ಅದಕ್ಕಿಂತ ಬಹು ಹಿಂದಿನ ಕದಂಬರ ಕಾಲದ ಕಥೆಯುಳ್ಳ ‘ಕಾಂತಾರ ಅಧ್ಯಾಯ 1’ 2025ರ ಅಕ್ಟೋಬರ್ 2ರಂದು ಬಂದುದರಿಂದ, ಈ ಶಾಸ್ತ್ರದ ಗಹನವಾದ ಪ್ರಶ್ನೆಯು ಕನ್ನಡದ ಮನೆಬಾಗಿಲಿಗೇ ಬಂದು ನಿಂತಿತ್ತು. ಎರಡನ್ನೂ ನೋಡದ ಕುಟುಂಬವೊಂದು ದೊರೆತದ್ದೇ ಪುಣ್ಯವೆಂದು ಅಲ್ಲಿಯ ಕಾಕಾ ಅವರು ಲಗ್ನಪತ್ರಿಕೆಯೊಡನೆ ಸಂಜೆಯೇ ದಯಮಾಡಿಸಿದರು.

“ಕಾಕಾ, ಒಂದನೇ ಅಧ್ಯಾಯ ಅಂತ ಅವರs ಬರದಾರಲ್ಲ, ಅದನ್ನ ಮೊದಲ ಹಚ್ಚೂಣಲ್ಲ?” ಎಂದು ಮನೆಯ ಹುಡುಗ ಕೇಳಿದ.

“ಹೆಸರಿಗೆ ಮೋಸ ಹೋಗಬ್ಯಾಡೋ ತಮ್ಮಾ. ಇಂಡಿ ರೋಡ್ ಸ್ಟೇಶನ್‌ದಾಗ ಇಳಿದವರೆಲ್ಲಾ ಇಂಡ್ಯಾಗ ಇಳಿದಂಗಾತೇನು? ನಮ್ಮ ಬಾಗೇವಾಡಿ ರೋಡ್ ಕಥೀನೂ ಅದs ಹೌದಿಲ್ಲೋ?”

ಈ ಪೀಠಿಕೆಯಿಂದ ಆರಂಭವಾದ ಪ್ರವಚನವು ಎರಡು ಮತಗಳ ಗುಣದೋಷಗಳನ್ನು ವಿವೇಚಿಸಿ, ಫೋನನ್ನು ಮುಟ್ಟಕೂಡದು, ನಡುವೆ ನೀರಿಗೆ ಏಳಕೂಡದು ಎಂಬ ಉಪನಿಯಮಗಳನ್ನು ದಾಟಿ, ಊಟದ ಹೊತ್ತಾದರೂ ನಿರ್ಣಯಕ್ಕೆ ಬರಲಿಲ್ಲ. ಅಷ್ಟರಲ್ಲಿ ಒಳಗಿನ ಕೋಣೆಯಿಂದ ಡೊಳ್ಳಿನ ಸದ್ದು, ಕೂಗು, ಗರ್ಜನೆ ಕೇಳಿಬಂದು ಎಲ್ಲರೂ ಎದ್ದು ಹೋಗಿ ನೋಡಲಾಗಿ, ಮನೆಯ ಆಯಿ ಕಿರಿಯ ಮೊಮ್ಮಗನನ್ನು ಮಗ್ಗುಲಲ್ಲಿ ಕೂಡಿಸಿಕೊಂಡು ಒಂದನೆಯ ಅಧ್ಯಾಯವನ್ನು ಸರಿಯಾಗಿ ಮಧ್ಯದಿಂದ ನೋಡುತ್ತಿದ್ದಳು. ಹುಡುಗನ ಬೆರಳು ಎಲ್ಲಿ ತಗುಲಿತೋ ಅಲ್ಲಿಂದ ಕಥೆ ತೊಡಗಿತ್ತು.

“ಆಯಿ! ಹಿಂಗ ನಡುವಿಂದ ನೋಡಿದ್ರ ಏನ ತಿಳೀತದ?”

“ಕಾಡಿನ ಮಂದಿ ಅದಾರ, ರಾಜಾ ಅವರ ಮ್ಯಾಲೆ ಏರಿ ಬಂದಾನ, ದೇವರು ಬಿಡೂದಿಲ್ಲ. ಮೊದಲಿಂದ ನೋಡಿದ ನಿನಗ ಇದಕ್ಕಿಂತ ಹೆಚ್ಚಿಂದು ಏನ ತಿಳದದ, ಹೇಳು.”

ಕಾಕಾ ಅವರ ಬಾಯಿ ಕಟ್ಟಿತು. ಆಯಿ ಪರದೆಯಿಂದ ಕಣ್ಣು ತೆಗೆಯದೆಯೇ ಮುಂದುವರಿಸಿದಳು: “ಶ್ರಾವಣದಾಗ ಮಠಕ್ಕ ಪುರಾಣ ಕೇಳಾಕ ಹೋಗತೀನಿ. ಒಂದಿನ ಹೋದ್ರ ನಾಕ ದಿನ ಹೊಲದ ಕೆಲಸ. ನಾ ಹೋದ ದಿನ ಶಾಸ್ತ್ರಿಗಳು ಎಲ್ಲಿಂದ ಓದತಾರೋ, ಅಲ್ಲಿಂದs ನನ್ನ ಪುರಾಣ ಸುರು. ಇಷ್ಟ ವರ್ಷದಾಗ ದೇವರೇನು ನನಗ ಸಿಟ್ಟ ಮಾಡಿಲ್ಲ. ಕೂಡೂದಿದ್ರ ಕೂಡು, ಇಲ್ಲಂದ್ರ ಬೆಳಕಿಗೆ ಅಡ್ಡ ಬರಬ್ಯಾಡ.”

ಕಾಕಾ ಅವರು ಕುಳಿತರು. ಪರದೆಯತ್ತ ಮುಖ ಮಾಡಿಯೇ ಕುಳಿತರು, ಮುಗಿಯುವವರೆಗೂ ತುಟಿಪಿಟ್ಟೆನ್ನಲಿಲ್ಲ. ಅವರ ಶಾಸ್ತ್ರವು ಅಂದಿಗೆ ಅಸ್ತಂಗತವಾಯಿತೆಂದು ನಾವೆಲ್ಲರೂ ಭಾವಿಸಿದೆವು. ಆದರೆ ಪಂಡಿತನಿಗೆ ಸೋಲು ಎಂಬುದು ಸಿದ್ಧಾಂತದ ವಿಸ್ತರಣೆಗೆ ಒದಗಿದ ಅವಕಾಶವಲ್ಲದೆ ಬೇರೆಯಲ್ಲ. ಮುಂದಿನ ಸಂತೆಯ ಹೊತ್ತಿಗೆ ನಾಲ್ಕೂ ಊರುಗಳಲ್ಲಿ ಹೊಸದೊಂದು ಮತದ ಸುದ್ದಿ ಹಬ್ಬಿತ್ತು. ಅದಕ್ಕೆ ಶ್ರಾವಣಕ್ರಮವೆಂದು ಹೆಸರು. ಎಲ್ಲಿಂದ ಬೇಕಾದರೂ ಆರಂಭಿಸಬಹುದೆಂಬುದು ಅದರ ಸಾರ. ಹಾಗೆ ಎಲ್ಲಿಂದ ಬೇಕಾದರೂ ಆರಂಭಿಸುವುದಕ್ಕೆ ಮೊದಲು ಪಾಲಿಸಬೇಕಾದ ಏಳು ನಿಯಮಗಳನ್ನು ಕಾಕಾ ಅವರು ಲಗ್ನಪತ್ರಿಕೆಯ ಬೆನ್ನಿನ ಮೇಲೆ ಸರದಿಯಾಗಿ ಬರೆದುಕೊಡುತ್ತಿದ್ದಾರೆ; ಎರಡನೆಯದನ್ನು ಮೊದಲು ಓದಕೂಡದಂತೆ.