ಪೇಟಿ ನೋಡುವ ಮಾಸ್ತರು

ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ಭಜನಾ ಮಂಡಳಿಗಳಲ್ಲಿ ಪೇಟಿ ಬಾರಿಸುವವರು ಬೇರೆ, ಪೇಟಿ ನೋಡುವವರು ಬೇರೆ. ಬಾರಿಸುವವರು ಶನಿವಾರ ಸಂಜೆ ಬೇಕಾಗುತ್ತಾರೆ. ನೋಡುವವರು ಮಂಡಳಿ ಹೊಸ ಹಾರ್ಮೋನಿಯಂ ತರಿಸಿದಾಗ ಮಾತ್ರ. ಕಾಯ್ಕಿಣಿಯಿಂದ ಮಂಕಿಯವರೆಗೆ ಎಲ್ಲಿ ಹುಡುಕಿದರೂ ಈ ಎರಡನೆಯವರ ಲಕ್ಷಣ ಒಂದೇ: ನಿವೃತ್ತ ಶಾಲಾ ಮಾಸ್ತರು, ಅರವತ್ತೈದು ದಾಟಿದ ವಯಸ್ಸು, ಮಡಿಸಿ ಕಟ್ಟಿದ ಪಂಚೆ, ಅಂಗಿಯ ಜೇಬಿನಲ್ಲಿ ಒಂದು ಸಣ್ಣ ಸ್ಕ್ರೂಡ್ರೈವರ್, ಅರ್ಧ ಬ್ಲೇಡು, ಹಳೇ ಕ್ಯಾಲೆಂಡರಿನಿಂದ ಕತ್ತರಿಸಿದ ಕಾಗದದ ಪಟ್ಟಿ. ಕಾಗದ ರೀಡಿನ ಸಂದಿಯ ಧೂಳು ತೆಗೆಯುವುದಕ್ಕೆ, ಬ್ಲೇಡು ರೀಡು ಕೆರೆಯುವುದಕ್ಕೆ. ಸ್ಕ್ರೂಡ್ರೈವರ್ ಬಹುಮಟ್ಟಿಗೆ ಜನ ನೋಡುವುದಕ್ಕೆ.

ಇವರ ಅನುಭವ ಸುಳ್ಳಲ್ಲ. ನಲವತ್ತು ವರ್ಷ ಶಾಲೆಯ ಪ್ರಾರ್ಥನೆಗೂ ಊರ ಹವ್ಯಾಸಿ ನಾಟಕಕ್ಕೂ ಪೇಟಿ ಹಿಡಿದ ಕೈ ಅದು. ಆದರೆ ಅನುಭವಕ್ಕೊಂದು ವಂಶಾವಳಿಯೂ ಬೇಕಾಗುತ್ತದೆ. ಮಾಸ್ತರು ಬೆಳಗಾವಿಯಲ್ಲಿ ರಾಮಭಾವು ಬಿಜಾಪುರೆಯವರ (1917–2010) ಹಾರ್ಮೋನಿಯಂ ಎದುರು ಕೂತು ಕೇಳಿದವರು. ಎಷ್ಟು ಹೊತ್ತು ಕೇಳಿದರು ಎಂಬುದು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಾ ಹೋಗುತ್ತದೆ. ಊರಿನ ಹೆಸರನ್ನೇ ಅಡ್ಡಹೆಸರಾಗಿ ಹೊತ್ತ ಆಗ್ರಾ ಘರಾಣೆಯ ಗಾಯಕ ದಿನಕರ ಕಾಯ್ಕಿಣಿಯವರೂ (1927–2010) ಮಾತಿನ ನಡುವೆ ಬಂದು ಹೋಗುತ್ತಾರೆ. ಈ ಮಣ್ಣಿನಲ್ಲಿ ಸಂಗೀತ ಇದೆ ಎಂದು ಸ್ಥಾಪಿಸುವುದು ಉದ್ದೇಶ. ಆ ಮಣ್ಣಿನ ಮೇಲೆ ಸದ್ಯ ಯಾರು ಕೂತಿದ್ದಾರೆ ಎಂಬುದು ಕೇಳುವವರಿಗೆ ತಾನೇ ತಿಳಿಯುತ್ತದೆ.

ಮಾಸ್ತರಿಗೆ ಕರೆ ಬರುವುದು ಯಾವಾಗಲೂ ತಡವಾಗಿ. ಹತ್ತು ಹದಿನೈದು ಸಾವಿರದ ಪೇಟಿಯನ್ನು ಯಾರೋ ಮೊಬೈಲಿನಲ್ಲೇ ಆರಿಸಿ, ಅದು ಥರ್ಮಾಕೋಲಿನಲ್ಲಿ ಸುತ್ತಿಕೊಂಡು ಹೆದ್ದಾರಿಯ ಹೊಂಡಗಳನ್ನೆಲ್ಲ ಎಣಿಸಿ ಬಂದು, ಮುಂಭಾಗದ ಹಲಗೆಯ ಮೇಲೆ ದಾನಿಗಳ ಹೆಸರು ಬರೆಸಿ ಬಣ್ಣ ಒಣಗಿದ ಮೇಲೆ ಕಾರ್ಯದರ್ಶಿಗೆ ನೆನಪಾಗುತ್ತದೆ.

"ಮಾಸ್ತರೇ, ಒಂಚೂರು ಬಂದು ನೋಡಿ ಹೇಳಿ."

"ದುಡ್ಡು ಕೊಟ್ಟಾಯ್ತಾ?"

"ಕೊಟ್ಟಾಯ್ತು."

"ಹಾಗಾದ್ರೆ ನೋಡ್ವಾ."

ಪರೀಕ್ಷೆ ಹೊರಗಿನಿಂದ ಶುರು. ಮಾಸ್ತರು ಪೇಟಿಯನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಾರೆ, ಮುಚ್ಚಳ ತೆಗೆದು ಮೂಸುತ್ತಾರೆ. ತೇಗವಾದರೆ ಮರದ ವಾಸನೆ, ಪ್ಲೈವುಡ್ಡಾದರೆ ಅಂಟಿನ ವಾಸನೆ. ಅಗ್ಗದ ಪೇಟಿಯಲ್ಲಿ ವಾರ್ನಿಷಿನದೇ ದರ್ಬಾರು. ಅದರಡಿ ಏನಿದೆ ಎನ್ನುವುದು ಮೊದಲ ಮಳೆಗಾಲದಲ್ಲಿ ಗೊತ್ತಾಗುತ್ತದೆ. ಆಮೇಲೆ ಎದುರಿನ ಒಂಬತ್ತು ಗುಂಡಿಗಳನ್ನು ಒಂದೊಂದಾಗಿ ಎಳೆದು ನೋಡುತ್ತಾರೆ. ಇವುಗಳಲ್ಲಿ ಕೆಲವು ಗಾಳಿಯ ದಾರಿ ತೆರೆಯುತ್ತವೆ, ಕೆಲವು ಶ್ರುತಿ ಹಿಡಿಯುತ್ತವೆ, ಇನ್ನು ಕೆಲವಕ್ಕೆ ಒಳಗೆ ಯಾವ ಸಂಪರ್ಕವೂ ಇಲ್ಲ. ಮಂಡಳಿಯ ಗೌರವ ಸದಸ್ಯರ ಹಾಗೆ ಸಾಲು ತುಂಬಲು ಇವೆ. ಮಾಸ್ತರು ಅವನ್ನೂ ಎಳೆದು, ಕಿವಿಗೊಟ್ಟು, ತಲೆಯಾಡಿಸಿ ಒಳಗೆ ತಳ್ಳುತ್ತಾರೆ.

ಮುಂದಿನದು ಗಾಳಿ. ಗುಂಡಿಗಳನ್ನು ಮುಚ್ಚಿ, ತಿದಿ ಒತ್ತಿ ಒಳಗೆ ಗಾಳಿ ತುಂಬಿಸಿ, ಯಾವ ಮನೆಯನ್ನೂ, ಅಂದರೆ ಬೆರಳಿನಿಂದ ಒತ್ತುವ ಕೀಲಿಯನ್ನೂ, ಮುಟ್ಟದೆ ಅದು ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಎಣಿಸಬೇಕು. ಒಳ್ಳೆಯ ಪೇಟಿ ಗಾಳಿಯನ್ನು ಜಿಪುಣನ ಹಾಗೆ ಬಿಡುತ್ತದೆ, ಅಗ್ಗದ್ದು ಕೂಡಲೇ ಉಸ್ಸೆನ್ನುತ್ತದೆ. ಎಲ್ಲ ವಾದ್ಯ ಪರೀಕ್ಷೆಗಳಲ್ಲಿ ಇದೇ ಅತ್ಯಂತ ವಸ್ತುನಿಷ್ಠ. ಆದರೆ ಎಣಿಸುವವರು ಮಾಸ್ತರು. ದಾನಿ ಬೇಕಾದವರಾದರೆ ಒಂದು, ಎರಡು, ಮೂರು ಲಗುಬಗೆಯಿಂದ ಬಂದು ಸಂಖ್ಯೆ ಇಪ್ಪತ್ತು ದಾಟುತ್ತದೆ. ಕಳೆದ ವರ್ಷ ಸಪ್ತಾಹಕ್ಕೆ ಕರೆಯದವರಾದರೆ ಒಂದು ಎಂದ ಮೇಲೆ ಎರಡು ಬರುವ ಹೊತ್ತಿಗೆ ಗಾಳಿ ಮುಗಿದಿರುತ್ತದೆ.

ಮೂರನೆಯದು ಮನೆಗಳು. ಸಾಮಾನ್ಯ ಪೇಟಿಗೆ 39 ಮನೆ, ಸ್ವಲ್ಪ ದೊಡ್ಡದಕ್ಕೆ 42. ಮಂಡಳಿಯ ಹುಡುಗರು ಹೊಸ ಪೇಟಿ ಕಂಡೊಡನೆ ಗೊತ್ತಿರುವ ಒಂದು ಭಜನೆ ಬಾರಿಸಿ "ಬೆಸ್ಟ್ ಇದೆ" ಎಂದುಬಿಡುತ್ತಾರೆ. ಆ ಭಜನೆ ಮುಟ್ಟುವುದು ಏಳೆಂಟು ಮನೆಗಳನ್ನು ಮಾತ್ರ. ಮಾಸ್ತರು ಒಂದನ್ನೂ ಬಿಡುವುದಿಲ್ಲ. ಪ್ರತಿ ಮನೆಯನ್ನು ತೀರಾ ಮೆಲ್ಲಗೆ, ಗಾಳಿ ಕಡಿಮೆ ಬಿಟ್ಟು ಒತ್ತುತ್ತಾರೆ. ಜೋರಾಗಿ ಒತ್ತಿದರೆ ಎಂಥ ರೀಡೂ ಕೂಗುತ್ತದೆ, ಮೆಲ್ಲಗೆ ಒತ್ತಿದಾಗ ತಡವರಿಸುವುದೇ ಅದರ ನಿಜವಾದ ಗುಣ. ಯಾವ ಮನೆ ಒತ್ತಿದರೆ ಏಳದೆ ಕೂತುಬಿಡುತ್ತದೆ, ಯಾವುದು ಒತ್ತದಿದ್ದರೂ ಸಣ್ಣಗೆ ಅಳುತ್ತದೆ, ಎರಡು ಸಾಲಿನ ರೀಡುಗಳು ಕೂಡಿದಾಗ ಸ್ವರ ನೆಟ್ಟಗೆ ನಿಲ್ಲುತ್ತದೋ ಅಲೆಯಲೆಯಾಗಿ ನಡುಗುತ್ತದೋ, ಎಲ್ಲ ಹೊರಬೀಳುವುದು ಇಲ್ಲಿ. ಈ ಅರ್ಧ ಗಂಟೆ ಮಾಸ್ತರು ನಿಜಕ್ಕೂ ದೊಡ್ಡವರು. ಸುತ್ತಲಿದ್ದವರು ಚಾ ಕುಡಿಯುತ್ತ ಮಾತಾಡುತ್ತಿದ್ದರೂ ಅವರ ಕಿವಿ ಒಂದು ರೀಡಿನ ಮೇಲೆ ನೆಟ್ಟಿರುತ್ತದೆ.

ತಪ್ಪಿದ ರೀಡನ್ನು ತಿದ್ದುವ ವಿದ್ಯೆಯೂ ಅವರಿಗೆ ಗೊತ್ತು: ಹಿತ್ತಾಳೆಯ ನಾಲಗೆಯ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಕೆರೆದದ್ದನ್ನು ಮತ್ತೆ ಅಂಟಿಸಲಾಗದು. ಆದ್ದರಿಂದ ಬ್ಲೇಡು ಜೇಬಿನಿಂದ ಹೊರಬರುತ್ತದೆ, ಬೆಳಕಿಗೆ ಹಿಡಿಯಲ್ಪಡುತ್ತದೆ, ಹೆಚ್ಚಿನ ಸಲ ಹಾಗೆಯೇ ಒಳಗೆ ಹೋಗುತ್ತದೆ. ಗುಜರಾತಿನ ಪಾಲಿತಾಣಾದ ರೀಡು ಹಾಕಿದ್ದರೆ ಈ ಕಷ್ಟವೇ ಇರುತ್ತಿರಲಿಲ್ಲ ಎಂಬ ಮಾತು ಆಗ ಬರುತ್ತದೆ. ಪಾಲಿತಾಣಾದ ರೀಡಿಗೆ ಒಳ್ಳೆಯ ಹೆಸರಿರುವುದು ನಿಜ. ಹದಿನೈದು ಸಾವಿರಕ್ಕೆ ಅದನ್ನು ಎಲ್ಲಿಂದ ತರುವುದು ಎಂದು ಖಜಾಂಚಿ ಕೇಳುವುದಿಲ್ಲ.

ಪರೀಕ್ಷೆಯ ಮಧ್ಯಂತರದಲ್ಲಿ ಇತಿಹಾಸ ಬರುತ್ತದೆ. ಹಾರ್ಮೋನಿಯಂಗೆ 1842ರಲ್ಲಿ ಪ್ಯಾರಿಸಿನಲ್ಲಿ ಅಲೆಕ್ಸಾಂಡ್ರ್ ದೆಬೆನ್ ಪೇಟೆಂಟ್ ಪಡೆದದ್ದು, ಕಾಲಲ್ಲಿ ತುಳಿಯುವ ಅದನ್ನು ಕಲ್ಕತ್ತೆಯ ದ್ವಾರಕಾನಾಥ ಘೋಷರು ನೆಲದ ಮೇಲೆ ಕೂತು ಕೈಯಲ್ಲಿ ಒತ್ತುವ ಪೇಟಿ ಮಾಡಿದ್ದು, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಬಾರದ ವಾದ್ಯವೆಂದು ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ಹೊರಗಿಟ್ಟದ್ದು. ಈ ಕೊನೆಯದನ್ನು ಮಾಸ್ತರು ದಾಯಾದಿಗಳು ಗದ್ದೆ ಕಸಿದುಕೊಂಡ ದನಿಯಲ್ಲಿ ಹೇಳುತ್ತಾರೆ. ಕೇಳುವವರಲ್ಲಿ ಅರ್ಧ ಜನ 1971ರ ನಂತರ ಹುಟ್ಟಿದವರು. ಆದರೂ ಎಲ್ಲರೂ ಚ್ಚೆ ಚ್ಚೆ ಎನ್ನುತ್ತಾರೆ.

ಕರಾವಳಿಯಲ್ಲಿ ಪೇಟಿಯ ನಿಜವಾದ ವೈರಿ ಆಕಾಶವಾಣಿಯಲ್ಲ, ಹವೆ. ವರ್ಷಕ್ಕೆ 3000 ಮಿಲಿಮೀಟರ್ ದಾಟುವ ಮಳೆಗೆ ಮರ ಉಬ್ಬಿ ಮನೆಗಳು ಒಂದಕ್ಕೊಂದು ಅಂಟುತ್ತವೆ, ಉಪ್ಪುಗಾಳಿಗೆ ಸ್ಪ್ರಿಂಗ್ ತುಕ್ಕು ಹಿಡಿಯುತ್ತದೆ, ತಿದಿಯ ಬಟ್ಟೆ ಇಲಿಗೆ ಪ್ರಿಯ. ಹಿಂದೆಲ್ಲ ಪೇಟಿ ಇಟ್ಟ ಕಪಾಟಿನಲ್ಲಿ ಒಂದು ಬಲ್ಬು ಉರಿಸಿ ಬೆಚ್ಚಗಿಡುತ್ತಿದ್ದರು. ಕರೆಂಟು ಉಳಿಸಲೆಂದು ಈಗ ಎಲ್‌ಇಡಿ ಹಾಕಿದ್ದಾರೆ. ಅದು ಬೆಳಕು ಕೊಡುತ್ತದೆ, ಬಿಸಿ ಹೇಳಿಕೊಳ್ಳುವಷ್ಟಿಲ್ಲ. ಹೀಗಾಗಿ ಇಲಿಗೆ ಮಾತ್ರ ಅನುಕೂಲವಾಗಿದೆ.

ಇತ್ತೀಚೆಗೆ ಈ ಮಾಸ್ತರ ವರ್ಗದ ಅಧಿಕಾರವ್ಯಾಪ್ತಿ ವಿಸ್ತರಿಸಿದೆ. ಬೆಂಗಳೂರಲ್ಲಿ ಕೆಲಸದಲ್ಲಿರುವ ಅಳಿಯ ಗಣೇಶ ಚೌತಿಗೆ ಬರುವಾಗ ಆರು ತಂತಿಯ ಬೇಸ್ ಗಿಟಾರ್ ಹೊತ್ತು ತರುತ್ತಾನೆ, "ಮಾವ, ಇದು ಕಡಿಮೆ ರೇಟಿಂದು, ಹೇಗಿದೆ ನೋಡು" ಎನ್ನುತ್ತಾನೆ. ಬೇಸಿಗೆ ನಾಲ್ಕು ತಂತಿ ಸಾಕೆಂದಿದ್ದ ಲೋಕದಲ್ಲಿ ಕೆಳಗೊಂದು ಮೇಲೊಂದು ಸೇರಿಸಿ ಆರು ಮಾಡಿಸಿಕೊಂಡವರು ಅಮೆರಿಕದ ಆಂಥನಿ ಜಾಕ್ಸನ್, 1975ರಲ್ಲಿ. ಮಾಸ್ತರು ಆ ಹೆಸರು ಕೇಳಿದವರಲ್ಲ, ಆದರೆ ವಿಧಾನ ಬದಲಾಗುವುದಿಲ್ಲ: ತಟ್ಟುತ್ತಾರೆ, ಮೂಸುತ್ತಾರೆ, ಪ್ರತಿ ತಂತಿಯನ್ನೂ ಪ್ರತಿ ಮೆಟ್ಟಿಲಲ್ಲೂ ಮೆಲ್ಲಗೆ ಮೀಟುತ್ತಾರೆ, ಹನ್ನೆರಡನೇ ಮೆಟ್ಟಿಲಿನ ಸ್ವರ ಬಿಟ್ಟ ತಂತಿಯ ನೆಟ್ಟನೆ ಮೇಲಿನ ಷಡ್ಜವೇ ಎಂದು ನೋಡುತ್ತಾರೆ. ಇದಕ್ಕಿಂತ ಸರಿಯಾದ ಪರೀಕ್ಷೆ ಅಳಿಯನಿಗೂ ತಿಳಿದಿರುವುದಿಲ್ಲ. ಎಲ್ಲಕ್ಕಿಂತ ದಪ್ಪ ತಂತಿ ಮಾತ್ರ ಸಡಿಲಾಗಿ ಗೊರಗುಟ್ಟುತ್ತದೆ. ಅಗ್ಗದ ಬೇಸಿನ ಮಾಮೂಲು ದೋಷ ಅದು. ಅಗ್ಗದ ಪೇಟಿಯ ಮಂದ್ರದ ರೀಡು ತಡವಾಗಿ ಎಚ್ಚರಗೊಳ್ಳುವುದಕ್ಕೂ ಇದಕ್ಕೂ ದೂರದ ಸಂಬಂಧವಿದೆ. ಆ ದಪ್ಪ ತಂತಿಯ ಕಂಪನ ಸೆಕೆಂಡಿಗೆ 31. ದೇವಸ್ಥಾನದೆದುರು ಮರಕ್ಕೆ ಕಟ್ಟಿದ ಹಾರ್ನಿನಲ್ಲಿ ಅಷ್ಟು ಕೆಳಗಿನದು ಹೊರಬರುವುದೇ ಇಲ್ಲ. "ಹಾಗಾದ್ರೆ ಅಡ್ಡಿಲ್ಲ" ಎನ್ನುತ್ತಾರೆ ಮಾಸ್ತರು.

ಪೇಟಿಗೂ ತೀರ್ಪು ಅದೇ. ಹನ್ನೊಂದು ದೋಷ ಪಟ್ಟಿಯಾದ ಮೇಲೂ ಅಡ್ಡಿಲ್ಲ, ಏಕೆಂದರೆ ಕೆಟ್ಟ ರೀಡು ಇರುವ ಮನೆ ಈ ಮಂಡಳಿಯ ಶ್ರುತಿಯಲ್ಲಿ ಬರುವುದಿಲ್ಲ, ದಾನಿಯ ಹೆಸರು ಅಳಿಸಲು ಬರುವುದಿಲ್ಲ. ಈ ಸೌಜನ್ಯವನ್ನು ತಿಳಿಯದವರು ಮಾಸ್ತರಿಗೆ ಏನೂ ಗೊತ್ತಾಗುವುದಿಲ್ಲ ಎಂದುಕೊಳ್ಳುತ್ತಾರೆ.

ಹೊಸ ಪೇಟಿ ತರುವ ಮಂಡಳಿಗಳಿಗೆ ಎರಡು ಸಾಲು ರೀಡಿನ, 39 ಮನೆಯ, ಗಟ್ಟಿ ಮರದ್ದು ಧಾರಾಳ ಸಾಕು; ಶ್ರುತಿ ಬದಲಿಸುವ ಸ್ಕೇಲ್ ಚೇಂಜರ್ ಅಗ್ಗದ್ದರಲ್ಲಿ ಬೇಡ, ರಿಪೇರಿಗೆ ಕುಮಟೆಯಾಚೆಗೂ ಅಲೆಯಬೇಕಾದೀತು. ಕೊಳ್ಳುವುದು ಮಳೆ ಮುಗಿದ ಮೇಲೆ. ಮಾಸ್ತರನ್ನು ದುಡ್ಡು ಕೊಡುವ ಮೊದಲು ಕರೆಯಿರಿ. ಅವರು ಫೀ ತೆಗೆದುಕೊಳ್ಳುವುದಿಲ್ಲ. ರಿಕ್ಷಾ ಬಾಡಿಗೆ ಮಂಡಳಿಯದು.