ಯಾರ ಕಡೆಯ ಗುಣ?

(ಐದು ವರ್ಷದ ಚಿಂಟುವನ್ನು ಡಾಕ್ಟರಿಗೆ ತೋರಿಸಿ ಬಂದ ಸಂಜೆ. ಚಿಂಟು ಸೋಫಾದ ಬೆನ್ನ ಮೇಲೆ. ಮಧು ಮೊಬೈಲಿನಲ್ಲಿ.)

ಸರೋಜಮ್ಮ: ಏನಂದ್ರೇ ಡಾಕ್ಟರು?

ಸುಮಾ: ಎಡಿಎಚ್‌ಡಿ ಅಂದ್ರು ಅತ್ತೆ. ಗಮನ ನಿಲ್ಲಲ್ಲ, ಕೂತಲ್ಲಿ ಕೂರಲ್ಲ. ಬಹುಪಾಲು ವಂಶದಿಂದ ಬರೋದಂತೆ.

ಸರೋಜಮ್ಮ: ನಾನು ಆಗಲೇ ಅಂದ್ಕೊಂಡೆ! ನಿನ್ನ ತಮ್ಮ ಧಾರೆ ಹೊತ್ತಲ್ಲಿ ಹಸೆಮಣೆ ಬಿಟ್ಟು ಎದ್ದು ಹೋಗಿರಲಿಲ್ವೆ?

ಸುಮಾ: ಅವನಿಗೆ ಹೊಗೆ ತಡೀಲಿಲ್ಲ. ನಿಮ್ಮ ಮಗ ಬೆಳಗ್ಗೆ ಹಾಲು ತರ್ತೀನಿ ಅಂತ ಹೋಗಿ ಕೊತ್ತಂಬರಿ ಸೊಪ್ಪು ತಂದ್ರಲ್ಲ, ಅದ್ಯಾವ ಹೊಗೆ?

ಮಧು: ಸೊಪ್ಪು ಎಳೇದಿತ್ತು.

ಸರೋಜಮ್ಮ: ಬಹುಪಾಲು ಅಂದ್ರೆ ಎಷ್ಟು?

ಸುಮಾ: ತದ್ರೂಪಿ ಅವಳಿಗಳನ್ನೂ ಉಳಿದ ಅವಳಿಗಳನ್ನೂ ಹೋಲಿಸಿ ಲೆಕ್ಕ ಹಾಕಿದ್ದಾರೆ. ಸುಮಾರು ಶೇ. 74.

ಸರೋಜಮ್ಮ: ಸರಿ. 74 ನಿಮ್ಮ ಮನೆಯದು, ಮಿಕ್ಕ 26 ಮೊಬೈಲಿಂದು.

ಸುಮಾ: ಇದೇನು ಆಸ್ತಿ ಪಾಲೇ ಅತ್ತೆ? ಮಕ್ಕಳು ಒಬ್ಬರಂತೆ ಒಬ್ಬರಿಲ್ಲವಲ್ಲ, ಆ ವ್ಯತ್ಯಾಸದ ಲೆಕ್ಕ ಅದು. ನಮ್ಮ ಚಿಂಟುನ ಕೊಯ್ದು ಅಳೆದದ್ದಲ್ಲ. ಜೀನೂ ಒಂದೇ ಅಲ್ಲ. 2023ರ ಒಂದು ಅಧ್ಯಯನದಲ್ಲೇ ಡಿಎನ್‌ಎಯ 27 ಜಾಗ ಗುರುತಿಸಿದ್ರು. ಒಂದೊಂದರ ಪ್ರಭಾವ ಚಿಟಿಕೆಯಷ್ಟು.

ಸರೋಜಮ್ಮ: ಮತ್ತೆ ಸಕ್ಕರೆ? ಜಾಮೂನು ತಿಂದ ದಿನ ಇವನು ಗೋಡೆ ಹತ್ತಲ್ವೆ?

ಸುಮಾ: ಕೇಳಿ. 1994ರಲ್ಲಿ ಅಮೆರಿಕದಲ್ಲಿ ಕೆಲವು ತಾಯಂದಿರಿಗೆ ‘ನಿಮ್ಮ ಮಗನಿಗೆ ಸಕ್ಕರೆ ಕುಡಿಸಿದ್ದೀವಿ’ ಅಂತ ಸುಳ್ಳು ಹೇಳಿದ್ರಂತೆ. ಸಕ್ಕರೆಯ ಹರಳೂ ಇರಲಿಲ್ಲ. ಆದ್ರೂ ಆ ತಾಯಂದಿರು ‘ಇವತ್ತು ಹುಡುಗನ ಕುಣಿತ ಜಾಸ್ತಿ’ ಅಂದ್ರು. ಅವನ ಹತ್ತಿರವೇ ಸುಳಿದಾಡಿ ಕೊಂಕು ತೆಗೆದ್ರು.

ಸರೋಜಮ್ಮ: ಅಯ್ಯೋ, ಮಗು ಸುಮ್‌ಸುಮ್ನೆ ಬೈಸ್ಕೊಳ್ತಾ!

ಸುಮಾ: ವಿಷಯ ಅಲ್ಲೇ ಇರೋದು. ಇವನ ಹುಟ್ಟುಗುಣ ನಮ್ಮ ಬಾಯಿಂದ ಬೈಗುಳ ಹೊರಡಿಸುತ್ತೆ, ಬೈದಷ್ಟೂ ಇವನು ಕೆರಳ್ತಾನೆ. ದತ್ತು ಮನೆಗಳಲ್ಲೂ ನೋಡಿದ್ದಾರೆ. ರಕ್ತಸಂಬಂಧ ಇಲ್ಲದ ತಾಯಿಯೂ ಇಂಥ ಮಗುವಿನ ಮುಂದೆ ಸಿಡಿಮಿಡಿ ಆಗ್ತಾಳೆ.

ಸರೋಜಮ್ಮ: ಕೊನೆಗೆ ತಪ್ಪು ನನ್ನ ಬಾಯಿದು!

ಸುಮಾ: ಬೈಗುಳದಿಂದ ಇದು ಹುಟ್ಟಲ್ಲ ಅತ್ತೆ. ಹುಟ್ಟಿದ್ದು ಹೆಚ್ಚೋದು, ತಗ್ಗೋದು ಮನೆ ಮೇಲೂ ನಿಂತಿದೆ. ಇಷ್ಟು ಚಿಕ್ಕವರಿಗೆ ಮಾತ್ರೆಗಿಂತ ಮೊದಲು ಹೆತ್ತವರಿಗೆ ತರಬೇತಿ. ಒಂದು ಸಲಕ್ಕೆ ಒಂದೇ ಕೆಲಸ ಹೇಳೋದು, ಮಾಡಿದ ತಕ್ಷಣ ಶಭಾಷ್ ಅನ್ನೋದು. ಗುರುವಾರದಿಂದ ಕ್ಲಾಸು. ಅಜ್ಜಿಯೂ ಬರಲಿ ಅಂದ್ರು.

ಸರೋಜಮ್ಮ: ಮಗು ಸಾಕೋದು ನನಗೆ ಹೇಳಿಕೊಡ್ತಾರಾ?

ಸುಮಾ: ಇವರು ಚಿಕ್ಕಂದಿನಲ್ಲಿ ಹೇಗಿದ್ರು ಅಂತಲೂ ಕೇಳಿದ್ರು.

ಸರೋಜಮ್ಮ: ಮಧೂನಾ? ಅಪರಂಜಿ! ದಿನಾ ತಪ್ಪದೆ ಸ್ಕೂಲಿಗೆ ಹೋಗೋನು. ಬ್ಯಾಗ್ ಮಾತ್ರ ಬಸ್‌ಸ್ಟಾಪಲ್ಲಿ... ಟಿಫಿನ್ ಡಬ್ಬಿ ಅಂತೂ ವಾರಕ್ಕೊಂದು... (ತಡೆದು) ಕ್ಲಾಸು ಎಷ್ಟು ಹೊತ್ತಿಗೆ?

ಮಧು: ಯಾವ ಕ್ಲಾಸಮ್ಮ?